ಜಾಸ್: ಕಾಣದ ಶಾರ್ಕ್ ಹೆದರಿಸುವುದು ಹೇಗೆ?

ಶಾರ್ಕ್ ಸಿನಿಮಾ ಅಂತ ಕೂತರೆ, ಶಾರ್ಕ್ ಸರಿಯಾಗಿ ಮುಖ ತೋರಿಸುವುದು ಸುಮಾರು 80 ನಿಮಿಷ ಕಳೆದ ಮೇಲೆ! ಅಷ್ಟು ಹೊತ್ತು ನಮ್ಮನ್ನು ಹೆದರಿಸಿದ್ದು ಯಾರು? ಜಾಸ್ (1975) ಸಿನಿಮಾ ನೋಡುವಾಗ ಈ ಒಂದು ಪ್ರಶ್ನೆ ಹಿಡಿದುಕೊಂಡರೆ ಸಾಕು.

ಮೊದಲು ಒಂದು ವಿಷಯ. ಇದು ಪೂರ್ತಿ ಮುಂಚೆಯೇ ಯೋಚಿಸಿದ ಉಪಾಯವಲ್ಲ. 27ರ ಹುಡುಗ, ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಸ್ಟುಡಿಯೊದ ನೀರಿನ ಟ್ಯಾಂಕಿನಲ್ಲಲ್ಲ, ಅಮೆರಿಕದ ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಪಕ್ಕ ನಿಜವಾದ ಸಮುದ್ರದಲ್ಲೇ ಚಿತ್ರೀಕರಣಕ್ಕೆ ಇಳಿದರು. ಯಂತ್ರದ ಶಾರ್ಕ್‌ಗೆ ತಮ್ಮ ವಕೀಲರ ಹೆಸರು ‘ಬ್ರೂಸ್’ ಅಂತ ಇಟ್ಟಿದ್ದರು. ಉಪ್ಪುನೀರು ತಾಗಿದ್ದೇ ತಡ, ಬ್ರೂಸ್ ಕೈಕೊಡಲು ಶುರುಮಾಡಿತು. 55 ದಿನದ ಕೆಲಸ 159 ದಿನಕ್ಕೆ ಎಳೆಯಿತು. ಶಾರ್ಕ್ ಇಲ್ಲದೆಯೇ ಶಾರ್ಕ್ ತೋರಿಸಬೇಕಾಯಿತು.

ಹೇಗೆ ತೋರಿಸಿದರು? ಕ್ಯಾಮೆರಾವನ್ನು ನೀರಿನ ಮಟ್ಟಕ್ಕೇ ಇಳಿಸಿದರು. ನಾವೂ ಕುತ್ತಿಗೆ ತನಕ ಮುಳುಗಿದ ಹಾಗಿರುತ್ತದೆ. ಇನ್ನು ಹಳದಿ ಪೀಪಾಯಿಗಳು. ಬೇಟೆಗಾರ ಕ್ವಿಂಟ್ ಈಟಿ ಹೊಡೆದು ಶಾರ್ಕ್‌ಗೆ ಪೀಪಾಯಿ ಕಟ್ಟುತ್ತಾನೆ. ಮೂರು ಕಟ್ಟಿದ ಮೇಲೆ ಮುಳುಗೋಕೆ ಸಾಧ್ಯವೇ ಇಲ್ಲ ಅನ್ನುತ್ತಾನೆ. ಮೂರೂ ಮುಳುಗುತ್ತವೆ. ಪರದೆ ಮೇಲೆ ಬರೀ ನೀರು, ಆದರೆ ಕೆಳಗಿರುವುದರ ಬಲ ಎಷ್ಟು ಅಂತ ಗೊತ್ತಾಯಿತಲ್ವಾ?

ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಜಾನ್ ವಿಲಿಯಮ್ಸ್ ಸಂಗೀತ. ಆಸ್ಕರ್ ಬಂದದ್ದು ಸುಮ್ನೆ ಅಲ್ಲ. ಮೂಲದಲ್ಲಿ ಎರಡೇ ಸ್ವರ, ನಡುವೆ ಅರ್ಧ ಸ್ವರದ ಅಂತರ. ಸರಳೆ ವರಸೆ ಕಲಿತವರು ಮಾಯಾಮಾಳವಗೌಳದ ‘ಸ–ರಿ’ಯನ್ನು ತಗ್ಗು ಸ್ಥಾಯಿಯಲ್ಲಿ ಮತ್ತೆ ಮತ್ತೆ ಹಾಡಿ ನೋಡಿ, ಆಮೇಲೆ ಕಾಲ ಏರಿಸಿ. ಶಾರ್ಕ್ ಹತ್ತಿರ ಬಂದಂತೆ ವೇಗವೂ ಏರುತ್ತದೆ. ಹೀಗೆ ಕಿವಿಗೇ ದೂರ ಗೊತ್ತಾಗುತ್ತದೆ.

ಇಲ್ಲೊಂದು ಜಾಣತನವಿದೆ, ಇದನ್ನು ಅಡಿಗೆರೆ ಹಾಕಿ ಬರೆದುಕೊಳ್ಳಿ. ಇಬ್ಬರು ಹುಡುಗರು ಶಾರ್ಕ್‌ನ ಬೆನ್ನಿನ ಈಜುರೆಕ್ಕೆಯಂಥ ಸುಳ್ಳು ರೆಕ್ಕೆ ಕಟ್ಟಿಕೊಂಡು ಈಜಿ ಜನರನ್ನು ಓಡಿಸುವ ದೃಶ್ಯದಲ್ಲಿ ಆ ಸಂಗೀತ ಬರುವುದೇ ಇಲ್ಲ. ಅಂದರೆ ಸಂಗೀತ ಸುಳ್ಳು ಹೇಳುವುದಿಲ್ಲ. ಅದು ಕೇಳಿದರೆ ಶಾರ್ಕ್ ಇದೆ, ಕೇಳದಿದ್ದರೆ ಇಲ್ಲ. ಪ್ರೇಕ್ಷಕ ಅರಿಯದೆಯೇ ಇದನ್ನು ನಂಬಿಬಿಡುತ್ತಾನೆ.

ಆಮೇಲೆ ದೋಣಿಯ ದೃಶ್ಯದಲ್ಲಿ ಈ ನಂಬಿಕೆಯನ್ನೇ ಮುರಿಯುತ್ತಾರೆ. ಪೊಲೀಸ್ ಮುಖ್ಯಸ್ಥ ಬ್ರಾಡಿ ಗೊಣಗುತ್ತಾ ಮೀನಿನ ಚೂರುಗಳನ್ನು ನೀರಿಗೆ ಎಸೆಯುತ್ತಿದ್ದಾನೆ. ಸಂಗೀತವಿಲ್ಲ. ಅವನ ಬೆನ್ನ ಹಿಂದೆ, ನೀರಿನಿಂದ ಶಾರ್ಕ್‌ನ ತಲೆ ಏಳುತ್ತದೆ.