ಹೊಸ ಕಂಪ್ಯೂಟರ್ ಕೊಳ್ಳುವ ಮುಂಚೆ ಅದರ ಒಳಗೆ ಇಣುಕಿ

ಪಿಯುಸಿ ಫಲಿತಾಂಶ ಬಂದು ಕಾಲೇಜು ಸೀಟಿನ ಓಡಾಟ ಶುರುವಾಯಿತು ಅಂದರೆ ಬಹಳ ಮನೆಗಳಲ್ಲಿ ಇದೇ ಮಾತು. ಮಗಳಿಗೆ ಲ್ಯಾಪ್‌ಟಾಪ್ ಕೊಡಿಸೋದಾ, ಟ್ಯಾಬ್ ಸಾಕಾ? ಐ3 ಆಗುತ್ತಾ, ಐ5 ಬೇಕೇ ಬೇಕಾ? ಅಂಗಡಿಯವರು ಒಂದು ಹೇಳುತ್ತಾರೆ, ಸೋದರಮಾವ ಇನ್ನೊಂದು ಹೇಳುತ್ತಾರೆ. ನಲವತ್ತು, ಐವತ್ತು ಸಾವಿರ ಅಂದರೆ ಎಷ್ಟೋ ಮನೆಗಳಿಗೆ ತಿಂಗಳುಗಟ್ಟಲೆ ಕೂಡಿಟ್ಟ ದುಡ್ಡು. ಅದು ಸ್ಟಿಕ್ಕರ್ ನೋಡಿ ಖರ್ಚಾಗಬಾರದು.

ಕೀಬೋರ್ಡ್ ಪಕ್ಕ ಅಂಟಿಸಿರುವ ಆ ಸ್ಟಿಕ್ಕರ್ ಪ್ರೊಸೆಸರ್, ಅಂದರೆ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್ಪಿನ ಹೆಸರನ್ನು ಹೇಳುತ್ತದೆ. ಮನೆ ಕೆಲಸಕ್ಕೆ ಎಲ್ಲಕ್ಕಿಂತ ಕಡಿಮೆ ತಲೆಕೆಡಿಸಿಕೊಳ್ಳಬೇಕಾದ ಭಾಗ ಅದೇ. ಬ್ರೌಸರ್, ವರ್ಡ್, ಎಕ್ಸೆಲ್, ಆನ್‌ಲೈನ್ ಕ್ಲಾಸು, ಬ್ಯಾಂಕ್ ಕೆಲಸ, ಇವು ಯಾವುವೂ ಇವತ್ತಿನ ಪ್ರೊಸೆಸರನ್ನು ಸುಸ್ತು ಮಾಡುವುದಿಲ್ಲ. ಆದರೂ ಕಂಪ್ಯೂಟರ್ ತಿಣುಕುತ್ತದೆ, ಅಲ್ವಾ? ಹಾಗೆ ತಿಣುಕುವಾಗ ಪ್ರೊಸೆಸರ್ ಬಹಳ ಸಲ ಸುಮ್ನೆ ಕೂತಿರುತ್ತದೆ. ಬೇಕಾದ ಮಾಹಿತಿ ಇನ್ನೂ ಅದರ ಹತ್ತಿರ ಬಂದಿರುವುದಿಲ್ಲ. ಕಂಪ್ಯೂಟರ್ ಎಲ್ಲೆಲ್ಲಿ ಕಾಯುತ್ತದೆ ಅಂತ ತಿಳಿದುಕೊಂಡರೆ ಯಾವುದಕ್ಕೆ ದುಡ್ಡು ಹಾಕಬೇಕು ಅನ್ನುವುದು ಗೊತ್ತಾಗುತ್ತದೆ.

ಆ ಕ್ಷಣದ ಕೆಲಸಕ್ಕೆ ಬೇಕಾದ್ದನ್ನು ಕಂಪ್ಯೂಟರ್ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ, ಫೈಲುಗಳನ್ನೆಲ್ಲ ಕಾಯಂ ಆಗಿ ಸ್ಟೋರೇಜಿನಲ್ಲಿ, ಅಂದರೆ ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕಿನಲ್ಲಿ ಇಡುತ್ತದೆ. ಪ್ರೊಸೆಸರಿನ ವೇಗ 3 ಗಿಗಾಹರ್ಟ್ಸ್ ಅಂದರೆ ಅದರ ಗಡಿಯಾರ ಸೆಕೆಂಡಿಗೆ 300 ಕೋಟಿ ಸಲ ಬಡಿಯುತ್ತದೆ. ಇಷ್ಟು ಚಿಕ್ಕ ಕಾಲ ನಮ್ಮ ಅಂದಾಜಿಗೆ ಸಿಗುವುದಿಲ್ಲ. ಅದಕ್ಕೇ ಅದನ್ನು ಹಿಗ್ಗಿಸಿ ನೋಡೋಣ. ಒಂದು ಬಡಿತಕ್ಕೆ ಒಂದು ಸೆಕೆಂಡ್ ಅಂತ ಇಟ್ಟುಕೊಳ್ಳಿ. ಆಗ ರ‍್ಯಾಮ್‌ನಿಂದ ಒಂದು ಚೂರು ಮಾಹಿತಿ ತರಲು ಸುಮಾರು ಐದು ನಿಮಿಷ ಬೇಕು. ಎಸ್‌ಎಸ್‌ಡಿಯಿಂದ ತರಲು ಮೂರೂವರೆ ದಿನ. ಹಳೇ ಕಾಲದ, ತಿರುಗುವ ಹಾರ್ಡ್ ಡಿಸ್ಕಿನಿಂದ ತರಲು ಒಂದು ವರ್ಷಕ್ಕಿಂತ ಜಾಸ್ತಿ!

ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಹಾರ್ಡ್ ಡಿಸ್ಕಿನ ಒಳಗೆ ನಿಜಕ್ಕೂ ತಟ್ಟೆಗಳು ತಿರುಗುತ್ತವೆ. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಓದುವ ಕೈ ಸರಿಯಾದ ಸಾಲಿಗೆ ಸರಿಯಬೇಕು, ಆಮೇಲೆ ಬೇಕಾದ ತುಣುಕು ತಿರುಗಿ ಅದರ ಕೆಳಗೆ ಬರಬೇಕು. ಹೀಗೆ ಬೇರೆ ಬೇರೆ ಕಡೆ ಚದುರಿರುವ ಮಾಹಿತಿಯನ್ನು ಸೆಕೆಂಡಿಗೆ ಸುಮಾರು ನೂರು ಸಲ ಮಾತ್ರ ಎತ್ತಿಕೊಡಲು ಸಾಧ್ಯ. ವಿಂಡೋಸ್ ಶುರುವಾಗಬೇಕಾದರೆ ಸಾವಿರಾರು ಸಣ್ಣ ಸಣ್ಣ ಫೈಲುಗಳನ್ನು ಓದಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಬರೀ ಚಿಪ್‌ಗಳು. ಅದು ಅದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ಮನೆಯಲ್ಲಿ ಮೂಲೆ ಸೇರಿರುವ ಹಳೇ ಲ್ಯಾಪ್‌ಟಾಪ್ ಇದ್ದರೆ, ಹೊಸದು ಕೊಳ್ಳುವ ಮೊದಲು ಅದಕ್ಕೊಂದು ಎಸ್‌ಎಸ್‌ಡಿ ಹಾಕಿಸಿ ನೋಡಿ ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ತೀರಾ ಅಗ್ಗದ ಲ್ಯಾಪ್‌ಟಾಪ್ ಮತ್ತು ಟ್ಯಾಬ್‌ಗಳಲ್ಲಿ ಇಎಂಎಂಸಿ ಅನ್ನುವ ಸ್ಟೋರೇಜ್ ಇರುತ್ತದೆ. ಇದೂ ಚಿಪ್ಪೇ. ಆದರೆ ಒಳ್ಳೆಯ ಎಸ್‌ಎಸ್‌ಡಿಗಿಂತ ಬಹಳ ನಿಧಾನ, ಬೋರ್ಡಿಗೆ ಬೆಸೆದಿರುವುದರಿಂದ ಬದಲಾಯಿಸಲೂ ಆಗುವುದಿಲ್ಲ. 64 ಜಿಬಿ ಇಎಂಎಂಸಿ ಇರುವ ವಿಂಡೋಸ್ ಲ್ಯಾಪ್‌ಟಾಪ್ ಬೇಡ. ವಿಂಡೋಸ್ 11ಕ್ಕೆ ಕನಿಷ್ಠ ಬೇಕಾದ ಜಾಗವೇ 64 ಜಿಬಿ. ಕೊಂಡ ಕೆಲವೇ ತಿಂಗಳಲ್ಲಿ ಅಪ್‌ಡೇಟ್ ಇಳಿಸಿಕೊಳ್ಳಲು ಜಾಗ ಸಾಲದೆ ಒದ್ದಾಡಬೇಕಾಗುತ್ತದೆ.

ಈಗ ರ‍್ಯಾಮ್ ವಿಷಯ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಅಂತ ಮೈಕ್ರೋಸಾಫ್ಟ್ ಹೇಳುತ್ತದೆ. ಕನಿಷ್ಠ ಅಂದರೆ ಶುರುವಾಗುತ್ತದೆ ಅಂತ ಅಷ್ಟೇ. ಬ್ರೌಸರಿನಲ್ಲಿ ಹತ್ತು ಪುಟ ತೆರೆದು ಪಕ್ಕದಲ್ಲಿ ವಿಡಿಯೊ ಕ್ಲಾಸ್ ಹಾಕಿದರೆ ರ‍್ಯಾಮ್ ತುಂಬಿಹೋಗುತ್ತದೆ. ಆಗ ಕಂಪ್ಯೂಟರ್ ಸದ್ಯಕ್ಕೆ ಬೇಡದ್ದನ್ನು ಸ್ಟೋರೇಜಿಗೆ ಸಾಗಿಸಿ ಜಾಗ ಮಾಡಿಕೊಳ್ಳುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ಐದು ನಿಮಿಷದ ಕೆಲಸ ಮೂರೂವರೆ ದಿನದ್ದಾಗುವುದು ಇಲ್ಲೇ. ಟ್ಯಾಬ್ ಪೆಟ್ಟಿಗೆಯ ಮೇಲೆ ‘8+8 ಜಿಬಿ ರ‍್ಯಾಮ್’ ಅಂತ ಬರೆದಿರುವುದನ್ನು ನೋಡಿರಬಹುದು. ಎರಡನೇ 8 ಇದೇ ಸ್ಟೋರೇಜಿನ ಜಾಗ. ಅದು ರ‍್ಯಾಮ್ ಅಲ್ಲ, ಲೆಕ್ಕಕ್ಕೆ ಹಿಡಿಯಬೇಡಿ. ನನ್ನ ಲೆಕ್ಕದಲ್ಲಿ ಇವತ್ತು ಕೊಳ್ಳುವ ಲ್ಯಾಪ್‌ಟಾಪಿಗೆ 8 ಜಿಬಿ ಇರಲೇಬೇಕು. ನಾಲ್ಕೈದು ವರ್ಷ ನೆಮ್ಮದಿಯಾಗಿ ಬಾಳಬೇಕು ಅಂದರೆ 16. ಆದರೆ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ಏರಿಬಿಟ್ಟಿತು. ಈಗ 8 ಮಾತ್ರ ಕೈಗೆಟುಕಿದರೆ, ಮುಂದೆ ಸೇರಿಸಲು ಖಾಲಿ ಸ್ಲಾಟ್ ಇರುವ ಮಾಡೆಲ್ ಹುಡುಕಿ. ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನೂ ಬೋರ್ಡಿಗೆ ಬೆಸೆದಿರುತ್ತಾರೆ. ಅದರಲ್ಲಿ ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ.

ಇಷ್ಟಾದ ಮೇಲೆ ಪ್ರೊಸೆಸರ್. ಬರೀ ‘ಐ5’, ‘ಐ7’ ಅನ್ನುವುದರಿಂದ ಏನೂ ತಿಳಿಯುವುದಿಲ್ಲ, ಯಾವ ತಲೆಮಾರಿನದು ಅಂತ ನೋಡಬೇಕು. ಹತ್ತು ವರ್ಷ ಹಿಂದಿನ ಲ್ಯಾಪ್‌ಟಾಪಿನ ಐ7ಗಿಂತ ಈಚಿನ ಐ3 ಚುರುಕು. ಹೆಸರಿನ ಕೊನೆಯ ಅಕ್ಷರವನ್ನೂ ಗಮನಿಸಿ. ‘ಯು’ ಇದ್ದರೆ ಕಡಿಮೆ ವಿದ್ಯುತ್ ಬಳಸುವಂಥದ್ದು, ಸಾಮಾನ್ಯವಾಗಿ 15 ವಾಟ್ ಲೆಕ್ಕದ್ದು. ‘ಎಚ್’ ಇದ್ದರೆ 45 ವಾಟ್ ಲೆಕ್ಕದ ಜೋರಾದ ಚಿಪ್.

ಈ ವಾಟ್ ಲೆಕ್ಕದ ಹಿಂದೆ ಒಂದು ಸೊಗಸಾದ ವಿಜ್ಞಾನ ಇದೆ. ಚಿಪ್ ಬಳಸುವ ವಿದ್ಯುತ್ತು ಗಡಿಯಾರದ ವೇಗದ ಜತೆ ಏರುತ್ತದೆ, ವೋಲ್ಟೇಜಿನ ವರ್ಗದ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದರ) ಜತೆಗೂ ಏರುತ್ತದೆ. ವೇಗ ಹೆಚ್ಚಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ಹಾಗಾಗಿ ಕೊನೆಯ ಸ್ವಲ್ಪ ವೇಗಕ್ಕೆ ಬಹಳ ವಿದ್ಯುತ್ ಸುರಿಯಬೇಕು, ಅದಷ್ಟೂ ಶಾಖವಾಗಿ ಹೊರಬರುತ್ತದೆ. ಫ್ಯಾನ್ ಇಲ್ಲದ ಟ್ಯಾಬ್‌ನಲ್ಲಿ ಆ ಶಾಖಕ್ಕೆ ಹೋಗಲು ದಾರಿ ಕಡಿಮೆ. ಬಿಸಿ ಏರಿದಾಗ ಚಿಪ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಪೆಟ್ಟಿಗೆಯ ಮೇಲೆ ಬರೆದ ವೇಗ ಕೆಲವು ನಿಮಿಷಕ್ಕಷ್ಟೇ ಸಿಗುವುದು ಇದರಿಂದಲೇ. ಎಂಜಿನಿಯರಿಂಗ್ ಡ್ರಾಯಿಂಗ್, ವಿಡಿಯೊ ಎಡಿಟಿಂಗ್ ಮಾಡುವವರಿಗೆ ಫ್ಯಾನ್ ಇರುವ, ಸ್ವಲ್ಪ ದಪ್ಪಗಿರುವ ಯಂತ್ರವೇ ಸರಿ.

ಟ್ಯಾಬ್‌ಗಳಲ್ಲಿರುವ ಎಆರ್‌ಎಂ ಮಾದರಿಯ ಚಿಪ್‌ಗಳ ಕಥೆ ಈ ಶಾಖದ ಸುತ್ತಲೇ ಇದೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಏಕಾರ್ನ್ ಅನ್ನುವ ಕಂಪನಿಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಮೊದಲ ಎಆರ್‌ಎಂ ಚಿಪ್ಪನ್ನು ರೂಪಿಸಿದರು. 1985ರಲ್ಲಿ ಅದನ್ನು ಪರೀಕ್ಷಿಸುವಾಗ ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ಅಳೆದರೆ ಮೀಟರ್ ಸೊನ್ನೆ ತೋರಿಸಿತು. ನೋಡಿದರೆ ಚಿಪ್ಪಿಗೆ ಕರೆಂಟಿನ ಸಂಪರ್ಕವೇ ಸರಿಯಾಗಿ ಸಿಕ್ಕಿರಲಿಲ್ಲ. ಬೇರೆ ತಂತಿಗಳಿಂದ ಸೋರಿ ಬರುತ್ತಿದ್ದ ಅಷ್ಟಿಷ್ಟು ಕರೆಂಟಿನಲ್ಲೇ ಅದು ಕೆಲಸ ಮಾಡುತ್ತಿತ್ತು! ಇವತ್ತು ನಮ್ಮ ಜೇಬಿನ ಫೋನುಗಳೆಲ್ಲ ಅದೇ ವಂಶದವು. 2020ರ ನವೆಂಬರ್‌ನಲ್ಲಿ ಆಪಲ್ ತನ್ನ ಎಂ1 ಚಿಪ್ಪಿನ ಮೂಲಕ ಅದನ್ನು ತನ್ನ ಲ್ಯಾಪ್‌ಟಾಪ್‌ಗಳಿಗೂ ತಂದಿತು. ವಿಂಡೋಸಿನಲ್ಲೂ ಎಆರ್‌ಎಂ ಲ್ಯಾಪ್‌ಟಾಪ್‌ಗಳು ಬಂದಿವೆ, ಬ್ಯಾಟರಿ ಚೆನ್ನಾಗಿ ಬಾಳುತ್ತದೆ. ಆದರೆ ಮನೆಯಲ್ಲಿ ಹಳೇ ಪ್ರಿಂಟರೋ ಸ್ಕ್ಯಾನರೋ ಇದ್ದರೆ, ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್ ಸಿಗುತ್ತದಾ ಅಂತ ಮೊದಲೇ ವಿಚಾರಿಸಿ.

ಹಾಗಾದರೆ ಟ್ಯಾಬಾ, ಲ್ಯಾಪ್‌ಟಾಪಾ? ಇದನ್ನು ತೀರ್ಮಾನಿಸಬೇಕಾದ್ದು ಕೈ. ಓದುವುದು, ಪಾಠ ನೋಡುವುದು, ಚಿತ್ರ ಬರೆಯುವುದು, ಅಜ್ಜಿ ಮೊಮ್ಮಗನಿಗೆ ವಿಡಿಯೊ ಕಾಲ್ ಮಾಡುವುದು, ಇದಕ್ಕೆಲ್ಲ ಟ್ಯಾಬಿನಷ್ಟು ಹಿತವಾದದ್ದು ಬೇರೆ ಇಲ್ಲ. ಗಣಿತ, ರಸಾಯನಶಾಸ್ತ್ರ ಓದುವ ಮಕ್ಕಳಿಗೆ ಒಳ್ಳೆಯ ಸ್ಟೈಲಸ್ ಜತೆಗಿದ್ದರೆ ನೋಟ್‌ಬುಕ್ಕೇ ಬೇಡ. ಸ್ಟೈಲಸ್ ಅಂದರೆ ರಬ್ಬರ್ ತುದಿಯ ಅಗ್ಗದ ಕಡ್ಡಿ ಅಲ್ಲ. ಎಷ್ಟು ಒತ್ತುತ್ತಿದ್ದೀರಿ ಅಂತ ತಿಳಿಯುವ, ಅಂಗೈ ಪರದೆಗೆ ತಾಗಿದರೂ ಗೆರೆ ಬೀಳದ, ಆ ಟ್ಯಾಬಿಗೇ ಹೊಂದುವ ಪೆನ್. ಆದರೆ ದಿನಾ ಪುಟಗಟ್ಟಲೆ ಟೈಪ್ ಮಾಡುವವರಿಗೆ, ಎಕ್ಸೆಲ್ ಹಾಳೆಗಳಲ್ಲಿ ಮುಳುಗಿರುವವರಿಗೆ, ಪ್ರೋಗ್ರಾಮಿಂಗ್ ಕಲಿಯುವವರಿಗೆ ಟ್ಯಾಬ್ ಸಾಲದು. ಟ್ಯಾಬ್ ಜತೆ ಕೀಬೋರ್ಡ್, ಕವರ್, ಪೆನ್ ಎಲ್ಲ ಸೇರಿಸಿ ಕೂಡಿಸಿ ನೋಡಿ. ಎಷ್ಟೋ ಸಲ ಲ್ಯಾಪ್‌ಟಾಪ್ ಬೆಲೆಗೇ ಬಂದು ನಿಲ್ಲುತ್ತದೆ. ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತಾರೆ ಅಂತಲೂ ಕೇಳಿ. ಬ್ಯಾಂಕ್ ಆ್ಯಪ್ ಬಳಸುವ ಮನೆಗೆ ಇದು ಸಣ್ಣ ವಿಷಯ ಅಲ್ಲ.

ಕೈಯಲ್ಲಿ ಹಿಡಿಯುವ ಕಂಪ್ಯೂಟರಿನ ಕನಸನ್ನು ಬೆಂಗಳೂರು ಬಹಳ ಬೇಗ ಕಂಡಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎಂಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ಸಿಂಪ್ಯೂಟರ್ ರೂಪಿಸಿದರು. ಕಡ್ಡಿಯಿಂದ ಮುಟ್ಟಿ ಬಳಸುವ ಪುಟ್ಟ ಯಂತ್ರ, ಅದರೊಳಗೂ ಎಆರ್‌ಎಂ ವಂಶದ್ದೇ ಚಿಪ್. ನಮ್ಮ ಭಾಷೆಗಳಲ್ಲಿ, ಓದು ಬರಹ ಬಾರದವರಿಗೂ ಬಳಕೆಗೆ ಬರಬೇಕು ಅನ್ನುವುದು ಅವರ ಆಸೆ. 2004ರಲ್ಲಿ ಅದು ಮಾರಾಟಕ್ಕೂ ಬಂತು, ಐಪ್ಯಾಡ್‌ಗಿಂತ ಆರು ವರ್ಷ ಮೊದಲು. ಆಮೇಲೆ 2011ರಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ ಆಕಾಶ್ ಟ್ಯಾಬ್ ತಂದಿತು. ಬೆಲೆ ಬಹಳ ಕಡಿಮೆ ಇತ್ತು. ಒಳಗಿದ್ದದ್ದು 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್. ಪರದೆ ಬೆರಳು ಸೋಕಿದರೆ ಸಾಲದು, ಒತ್ತಿದರೆ ಮಾತ್ರ ತಿಳಿಯುವಂಥದ್ದು. ಉದ್ದೇಶ ದೊಡ್ಡದಿದ್ದರೂ ಬಳಸುವವರು ಪ್ರತಿ ಮುಟ್ಟಿಗೂ ಕಾಯಬೇಕಾಯಿತು. ತೀರಾ ಅಗ್ಗದ ಟ್ಯಾಬ್ ಕಂಡಾಗಲೆಲ್ಲ ನನಗೆ ಆಕಾಶ್ ನೆನಪಾಗುತ್ತದೆ.

ಕನ್ನಡ ಓದುವವರು ಪರದೆಯ ವಿಷಯದಲ್ಲಿ ಬೇರೆಯವರಿಗಿಂತ ಜಾಸ್ತಿ ಹುಷಾರಾಗಿರಬೇಕು. 15.6 ಇಂಚಿನ ಪರದೆಯಲ್ಲಿ 1366×768 ಚುಕ್ಕಿಗಳಿದ್ದರೆ ಒಂದು ಇಂಚಿಗೆ ಬರುವುದು ಸುಮಾರು 100. ಅದೇ ಅಳತೆಯಲ್ಲಿ 1920×1080 ಇದ್ದರೆ 141. ಇಂಗ್ಲಿಷ್ ಅಕ್ಷರ ನೂರರಲ್ಲೂ ಹೇಗೋ ಓದಿಸಿಕೊಳ್ಳುತ್ತದೆ. ‘ಸ್ವಾತಂತ್ರ್ಯ’, ‘ರಾಷ್ಟ್ರ’ ಅಂತ ಬರೆದಾಗ ಅಕ್ಷರದ ಕೆಳಗೆ ಕೂರುವ ಒತ್ತುಗಳು ಎಷ್ಟು ಚಿಕ್ಕವು ನೋಡಿ. ಚುಕ್ಕಿ ಕಡಿಮೆಯಾದರೆ ಅವು ಕಲಸಿಹೋಗುತ್ತವೆ, ಕಣ್ಣು ದಣಿಯುತ್ತದೆ. ಐಪಿಎಸ್ ಪರದೆ ಆದರೆ ಇನ್ನೂ ಒಳ್ಳೆಯದು, ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಕನ್ನಡ ಬರೆಯುವವರಿಗೆ ಇನ್ನೊಂದು ಮಾತು. ಸರ್ಕಾರಿ ಕಚೇರಿಯ ಕೆಲಸಕ್ಕೆ ನುಡಿ ತಂತ್ರಾಂಶ ಬೇಕಾದರೆ ವಿಂಡೋಸ್ ಯಂತ್ರವನ್ನೇ ಆರಿಸಿ. ವಿಂಡೋಸಿನ ಬದಲು ಬಳಸಬಹುದಾದ ಉಚಿತ ಲಿನಕ್ಸ್‌ನಲ್ಲೂ ಅದೇ ಕೀಲಿ ವಿನ್ಯಾಸದಲ್ಲಿ ಯೂನಿಕೋಡ್ ಕನ್ನಡ ಟೈಪ್ ಮಾಡಬಹುದು. ಆದರೆ ನುಡಿಯ ಹಳೇ ಫಾಂಟಿನ ಕಡತಗಳನ್ನು ಬಳಸಬೇಕಾದಾಗ ತೊಡಕಾಗುತ್ತದೆ.

ಬ್ಯಾಟರಿಯನ್ನು ಗಂಟೆಯಲ್ಲಿ ಅಳೆಯಬೇಡಿ, ವಾಟ್-ಅವರ್ (ಅದು ಹಿಡಿದಿಡುವ ವಿದ್ಯುತ್ತಿನ ಅಳತೆ) ಎಷ್ಟು ನೋಡಿ. 50 ವಾಟ್-ಅವರ್ ಬ್ಯಾಟರಿ ಇರುವ ಲ್ಯಾಪ್‌ಟಾಪ್ 8 ವಾಟ್ ಬಳಸಿದರೆ ಆರು ಗಂಟೆ, 25 ವಾಟ್ ಬಳಸಿದರೆ ಎರಡೇ ಗಂಟೆ.

ಮೇಜು ಮತ್ತು ಜಾಗ ಇರುವ ಮನೆಗೆ ಡೆಸ್ಕ್‌ಟಾಪನ್ನು ನಾನು ಈಗಲೂ ಧೈರ್ಯವಾಗಿ ಹೇಳುತ್ತೇನೆ. ಪರದೆ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಕತ್ತು ಬಗ್ಗಿಸಬೇಕಾಗಿಲ್ಲ. ಒಂದು ಭಾಗ ಕೆಟ್ಟರೆ ಅದನ್ನಷ್ಟೇ ಬದಲಾಯಿಸಬಹುದು. ಕರೆಂಟ್ ಹೋಗಿ ಬರುವ ಊರಾದರೆ ಯುಪಿಎಸ್ ಖರ್ಚನ್ನೂ ಸೇರಿಸಿಕೊಳ್ಳಿ.

ಬಜೆಟ್ ಬಿಗಿ ಇದ್ದವರಿಗೆ ರೀಫರ್ಬಿಷ್ಡ್, ಅಂದರೆ ಬಳಸಿದ್ದನ್ನು ಸರಿಪಡಿಸಿ ಮಾರುವ ಲ್ಯಾಪ್‌ಟಾಪ್ ಒಳ್ಳೆಯ ದಾರಿ. ಕಂಪನಿಗಳು ಕೆಲವು ವರ್ಷ ಬಳಸಿ ಕೊಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ನಂಥವು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ಗಟ್ಟಿ ಮೈ, ಒಳ್ಳೆಯ ಕೀಬೋರ್ಡ್, ಬಹಳಷ್ಟು ಮಾಡೆಲ್‌ಗಳಲ್ಲಿ ರ‍್ಯಾಮ್ ಸ್ಲಾಟೂ ಇರುತ್ತದೆ. ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿಗಿಂತ ಹಳೆಯದು ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎಂಟಕ್ಕಿಂತ ಹಳೆಯ ತಲೆಮಾರಿನವು ಹೆಚ್ಚುಕಡಿಮೆ ಯಾವುವೂ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಲಿನಕ್ಸ್ ಬಳಸುವವರಿಗೆ ಮಾತ್ರ ಈ ಗಡಿ ಅಡ್ಡ ಬರುವುದಿಲ್ಲ. ಹಳೇ ಬ್ಯಾಟರಿ ಸೊರಗಿರುತ್ತದೆ, ಹೊಸದರ ಬೆಲೆಯನ್ನು ಮೊದಲೇ ಕೂಡಿಸಿಕೊಂಡು ಚೌಕಾಸಿ ಮಾಡಿ.

ಅಂಗಡಿಯಲ್ಲಿ ವಿಂಡೋಸ್ ಯಂತ್ರವನ್ನು ಆನ್ ಮಾಡಿಸಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನುವಲ್ಲಿ ಡಿಸ್ಕ್ ಮೇಲೆ ಒತ್ತಿ, ಎಸ್‌ಎಸ್‌ಡಿ ಅಂತ ಇರಬೇಕು. ಮೆಮೊರಿ ಮೇಲೆ ಒತ್ತಿದರೆ ಒಟ್ಟು ಎಷ್ಟು ಸ್ಲಾಟ್, ಎಷ್ಟು ತುಂಬಿದೆ ಅಂತ ತೋರಿಸುತ್ತದೆ. ಅದರ ಕೆಳಗೆ ಫಾರ್ಮ್ ಫ್ಯಾಕ್ಟರ್ ಅನ್ನುವ ಸಾಲಿನಲ್ಲಿ ‘ಎಸ್ಒಡಿಐಎಂಎಂ’ ಅಂತ ಇದ್ದರೆ ಅದು ಸ್ಲಾಟಿನಲ್ಲಿ ಕೂರಿಸಿದ ರ‍್ಯಾಮ್. ‘ರೋ ಆಫ್ ಚಿಪ್ಸ್’ ಅಂತ ಇದ್ದರೆ ಬೆಸೆದದ್ದು, ಆಗ 16 ಜಿಬಿಯನ್ನು ಅಲ್ಲೇ, ಆವತ್ತೇ ಕೇಳಿ ತೆಗೆದುಕೊಳ್ಳಿ.