ಸಾಲದ ಫೈಲಿನಲ್ಲಿ ಇಲ್ಲದ ಕಾರಣ

ಜೂನ್, ಜುಲೈ ಬಂದರೆ ದಾವಣಗೆರೆಯ ಆಡಿಟರ್‌ಗಳ ಆಫೀಸಿಗೆ ರಿಟರ್ನ್ಸ್ ಹಾಕುವವರ ಜೊತೆ ಇನ್ನೊಂದು ಗುಂಪೂ ಬರುತ್ತದೆ. ಮಕ್ಕಳನ್ನು ಓದಲು ವಿದೇಶಕ್ಕೆ ಕಳಿಸುವವರು. ಎಜುಕೇಶನ್ ಲೋನಿಗೆ ಅಪ್ಪನ ಐಟಿಆರ್ ಬೇಕು, ಆಸ್ತಿ ಎಷ್ಟಿದೆ ಎಂಬ ಸರ್ಟಿಫಿಕೇಟ್ ಬೇಕು. ನಾನು ಸೀಲು ಹಾಕುವ ಮೊದಲು ಒಂದು ಮಾತು ಕೇಳುತ್ತೇನೆ: ಯಾಕೆ ಹೋಗ್ತಿದೀಯಪ್ಪಾ?

ಅಪ್ಪ ಎದುರಿಗಿದ್ದರೆ ಉತ್ತರ ಒಂದೇ, ಸಂಬಳ. ಅಪ್ಪ ಫೋನ್ ಬಂತೆಂದು ಹೊರಗೆ ಹೋದರೆ ಬೇರೆ ಮಾತು ಬರುತ್ತದೆ. ಹುಡುಗಿಗೆ ಇನ್ನೆರಡು ವರ್ಷ ಮದುವೆ ಮಾತು ಬೇಡ. ಚನ್ನಗಿರಿ ಕಡೆಯ ಹುಡುಗನಿಗೆ ಅಡಿಕೆ ತೋಟವಿದ್ದರೂ ಊರಲ್ಲಿರುವವನಿಗೆ ಹೆಣ್ಣು ಕೊಡುವುದಿಲ್ಲ ಎಂಬ ಬೇಜಾರು. ಕ್ಲಾಸ್‌ಮೇಟ್‌ಗಳೆಲ್ಲ ಹೋದರು ಎಂಬ ಒಂದೇ ಕಾರಣದವರೂ ಇದ್ದಾರೆ, ಸ್ವಲ್ಪ ಜಾಸ್ತಿಯೇ ಇದ್ದಾರೆ. ಇವು ಯಾವುದೂ ತಪ್ಪು ಕಾರಣಗಳಲ್ಲ. ಆದರೆ ಮನೆಯವರು ಸಂಬಳ ಎಂದುಕೊಂಡು ಸಾಲ ಮಾಡುತ್ತಾರೆ, ಹುಡುಗರು ಬೇರೇನೋ ಹುಡುಕಿಕೊಂಡು ಹೋಗುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿ. ಎರಡು ವರ್ಷ ಹೊರಗಿದ್ದು ಬರಬೇಕು ಅನ್ನುವವರು ಹತ್ತು ವರ್ಷದ ಸಾಲ ಮಾಡಬಾರದು, ಅಲ್ವಾ?

ಲೆಕ್ಕ ನೋಡಿ. 30 ಲಕ್ಷ ಸಾಲ, ಶೇ. 10.5 ಬಡ್ಡಿ ಎಂದಿಟ್ಟುಕೊಳ್ಳೋಣ. ಓದುವ ಎರಡು ವರ್ಷ ಕಂತು ಇಲ್ಲ ಎಂದು ಖುಷಿಪಡುತ್ತಾರೆ. ಆದರೆ ಬಡ್ಡಿ ನಿಲ್ಲುವುದಿಲ್ಲ. ಸರಳ ಬಡ್ಡಿಯೆಂದರೂ 6.3 ಲಕ್ಷ ಸೇರುತ್ತದೆ. ಆ 36.3 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 49 ಸಾವಿರ. ಅಲ್ಲೇ ಒಳ್ಳೆಯ ಕೆಲಸ ಸಿಕ್ಕಿದರೆ ಇದು ಕಟ್ಟಬಹುದಾದ ಮೊತ್ತ. ವಾಪಸ್ ಬಂದು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದರೆ ಶುರುವಿನ ಸಂಬಳವೆಲ್ಲ ಇದಕ್ಕೇ ಹೋದರೂ ಹೋಯಿತು. ಕಟ್ಟಿದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಇದೆಯಲ್ಲ ಎನ್ನುತ್ತಾರೆ. ಹಳೆ ತೆರಿಗೆ ಪದ್ಧತಿಯಲ್ಲಿದ್ದವರಿಗೆ, ಅದೂ 8 ವರ್ಷ ಮಾತ್ರ. ಅಪ್ಪನದು ಬರೀ ಅಡಿಕೆ ಆದಾಯವಾದರೆ ಅದಕ್ಕೆ ಆದಾಯ ತೆರಿಗೆಯೇ ಇಲ್ಲ, ಇನ್ನು ರಿಯಾಯಿತಿ ಯಾವುದರಲ್ಲಿ?

ಓದು ಮುಗಿದ ಮೇಲೆ ಕೆಲಸ ಹುಡುಕಲು ಸಿಗುವ ಸಮಯವೂ ಈ ಲೆಕ್ಕದೊಳಗೆ ಬರಬೇಕು. ಜರ್ಮನಿಯಲ್ಲಿ ಅದು 18 ತಿಂಗಳು. ಬ್ರಿಟನ್ನಿನಲ್ಲಿ ಮಾಸ್ಟರ್ಸ್ ಮುಗಿಸಿದವರಿಗೆ ಎರಡು ವರ್ಷವಿದ್ದದ್ದನ್ನು, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಸಿದ್ದಾರೆ. ಓದುವಾಗ ಪಾರ್ಟ್‌ಟೈಮ್ ದುಡಿದು ಕಂತು ಕಟ್ಟುತ್ತೇನೆ ಎನ್ನುವವರಿಗೆ ಬ್ರಿಟನ್ನಿನಲ್ಲಿ ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆಯ ಮಿತಿ ಇದೆ. ಆ ದುಡ್ಡು ಹೆಚ್ಚಾಗಿ ರೂಮ್ ಬಾಡಿಗೆ, ಊಟದ ಖರ್ಚಿಗೇ ಹೋಗುತ್ತದೆ.

ಹೊರದೇಶದ ದುಡಿಮೆ ಎಂದರೆ ನಮಗೆ ಬಿ.ಇ. ಹುಡುಗರೇ ಕಣ್ಮುಂದೆ ಬರುತ್ತಾರೆ. ಆದರೆ ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಎಣ್ಣೆ ಹೊತ್ತು ಆಫ್ರಿಕಾಕ್ಕೆ ಹೋಗಿ ವ್ಯಾಪಾರ ಮಾಡುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಸಿಕ್ಕಿಬಿದ್ದವರಲ್ಲಿ ಅವರೂ ಇದ್ದರು. 'ಆಪರೇಷನ್ ಕಾವೇರಿ'ಯಲ್ಲಿ ಸರ್ಕಾರ ಭಾರತೀಯರನ್ನು ಕರೆತಂದಿತು. ಸರಕಿಗೆ ಹಾಕಿದ ಬಂಡವಾಳ ವಿಮಾನದಲ್ಲಿ ವಾಪಸ್ ಬರುವುದಿಲ್ಲ. ಅವರನ್ನು ಯಾರೂ 'ಫಾರಿನ್ ರಿಟರ್ನ್' ಎನ್ನಲಿಲ್ಲ ಅನ್ನುವುದು ಬೇರೆ ಮಾತು.

ಐಟಿಐ ಮುಗಿಸಿ ಗಲ್ಫ್‌ಗೆ ಹೊರಡುವ ಹರಿಹರದ ಹುಡುಗರಿಗೂ ಇದೇ ಎಚ್ಚರಿಕೆ ಬೇಕು. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಸಾಮಾನ್ಯವಾಗಿ 'ಇಸಿಆರ್', ಅಂದರೆ ವಲಸೆ ತಪಾಸಣೆ ಬೇಕು, ಎಂದಿರುತ್ತದೆ. ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅವರಿಗೆ ಸರ್ಕಾರದ ಅನುಮತಿ ಬೇಕು, ವಿಮೆ ಕಡ್ಡಾಯ. ಪಾಸಾದವರಿಗೆ ಆ ತಪಾಸಣೆ ಇಲ್ಲ, ಹಾಗಾಗಿ ಆ ರಕ್ಷಣೆಯೂ ತಾನಾಗಿ ಸಿಗದು. ಏಜೆಂಟ್ ಮಾತ್ರ ಯಾರಿಂದಲೂ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿ ಬಿಟ್ಟು ಹೆಚ್ಚು ಸೇವಾ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಲಕ್ಷ ಕೇಳಿದರೆ, ಮೊದಲು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವನ ನೋಂದಣಿ ಇದೆಯಾ ನೋಡಿ.

ಹೋದ ಮೇಲಿನ ಕೆಲಸಗಳನ್ನು ಸುಮ್ನೆ ಮುಂದೂಡಬೇಡಿ. ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ ಮಾಡಿಸಬೇಕು. ಇನ್ನೊಂದು ತೋಟದ ವಿಚಾರ. ಹೊರಗೆ ನೆಲೆಸಿದ ಮಗ ಇಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ, ಅಪ್ಪ ಅವನಿಗೆ ದಾನಪತ್ರ ಮಾಡಿಕೊಡುವಂತೆಯೂ ಇಲ್ಲ. ವಾರಸುದಾರನಾಗಿ ಬಂದರೆ ಮಾತ್ರ ಅಡ್ಡಿಯಿಲ್ಲ. ಹಾಗಾಗಿ ಮಗನ ಹೆಸರಿಗೆ ತೋಟ ಬರೆಯುವ ಯೋಚನೆ ಇದ್ದರೆ ಅವನು ಹೊರಡುವ ಮೊದಲೇ ನೋಂದಣಿ ಕಚೇರಿಯ ಕೆಲಸ ಮುಗಿಸಿ. ಈ ಮಾತು ತೆಗೆದಾಗಲೇ ಎಷ್ಟೋ ಮನೆಗಳಲ್ಲಿ ಅಪ್ಪ ಮೊದಲ ಸಲ ಮಗನನ್ನು ಕೇಳುವುದು, ವಾಪಸ್ ಬರ್ತೀಯೇನೋ ಅಂತ.