ಕೀ ಮಾತ್ರ ಸಾಕು, ಫೋಲ್ಡರ್ ಬೇಡ

ವಿಂಡೋಸ್ ಬಿಟ್ಟು ಲಿನಕ್ಸ್‌ಗೋ ಮ್ಯಾಕ್‌ಗೋ ಹೋಗುವವರು ಫೋಟೊ, ದಾಖಲೆ, ಬ್ರೌಸರಿನ ಬುಕ್‌ಮಾರ್ಕ್ ಎಲ್ಲವನ್ನೂ ನೆನಪಿಟ್ಟು ಕಾಪಿ ಮಾಡಿಕೊಳ್ಳುತ್ತಾರೆ. ಬೇರೆಯವರು ಓದದ ಹಾಗೆ ಇಮೇಲ್‌ಗೆ ಬೀಗ ಹಾಕುವ ಎನ್‌ಕ್ರಿಪ್ಷನ್ ಕೀ ಮಾತ್ರ ಮರೆತುಹೋಗುತ್ತದೆ. ದಿನಾ ಕಣ್ಣಿಗೆ ಬೀಳುವ ವಸ್ತು ಅಲ್ವಲ್ಲ ಅದು. ಹಳೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಎಷ್ಟೋ ದಿನ ಆದಮೇಲೆ ಹಳೆಯದೊಂದು ಮೇಲ್ ಬೇಕಾಗುತ್ತದೆ, ಹುಡುಕಿದರೆ ಸಿಗುತ್ತದೆ, ತೆರೆದರೆ ಬರೀ ಅಕ್ಷರಗಳ ರಾಶಿ. ಮೇಲ್ ಖಾತೆಯ ಪಾಸ್‌ವರ್ಡ್ ಮರೆತರೆ ಹೊಸದು ಮಾಡಿಕೊಳ್ಳಬಹುದು. ಕೀ ಕಳೆದರೆ ಯಾರನ್ನು ಕೇಳುವುದು? ನಿಮ್ಮ ಕಂಪ್ಯೂಟರ್ ಬಿಟ್ಟರೆ ಅದು ಬೇರೆ ಎಲ್ಲೂ ಇರಲೇ ಇಲ್ಲ. ಅದೇ ಅದರ ಉದ್ದೇಶವೂ ಹೌದು.

ಕೀ ಅಂದರೆ ಏನು ಅಂತ ಒಮ್ಮೆ ನೋಡೋಣ. ಆರ್‌ಎಸ್‌ಎ ಪದ್ಧತಿಯ 4096 ಬಿಟ್ ಕೀ ತೆಗೆದುಕೊಳ್ಳಿ. ಅದರ ಗುಟ್ಟು ಎರಡು ಅವಿಭಾಜ್ಯ ಸಂಖ್ಯೆಗಳು, ಒಂದೊಂದೂ ಸುಮಾರು 617 ಅಂಕಿ ಉದ್ದ. ಅವೆರಡನ್ನೂ ಗುಣಿಸಿದರೆ ಬರುವ ಸಂಖ್ಯೆಯನ್ನು ಜಗತ್ತಿಗೆಲ್ಲ ಹಂಚಬಹುದು, ಅದು ಪಬ್ಲಿಕ್ ಕೀ. ಗುಣಿಸುವ ಮೊದಲಿನ ಎರಡು ಸಂಖ್ಯೆಗಳು ನಿಮ್ಮ ಹತ್ತಿರವೇ ಉಳಿಯಬೇಕು, ಅದು ಪ್ರೈವೇಟ್ ಕೀ. ಈಗಿನ ಎಲಿಪ್ಟಿಕ್ ಕರ್ವ್ ಕೀಗಳಲ್ಲಂತೂ ಗುಟ್ಟು ಬರೀ 32 ಬೈಟ್. ಇಷ್ಟೇ ಸಾಗಿಸಬೇಕಾದದ್ದು. ಸಂಖ್ಯೆಗೆ ವಿಂಡೋಸ್ ಗೊತ್ತಿಲ್ಲ, ಲಿನಕ್ಸ್ ಗೊತ್ತಿಲ್ಲ.

ಆದರೂ ಈ ಸಾಗಣೆಯಲ್ಲಿ ಎಷ್ಟೊಂದು ಜನ ಎಡವುತ್ತಾರೆ. ನನ್ನ ಪ್ರಕಾರ ಕಾರಣ ಒಂದೇ: ಸಂಖ್ಯೆಯನ್ನು ಸಾಗಿಸುವ ಬದಲು ಸಂಖ್ಯೆ ಕೂತಿದ್ದ ಫೋಲ್ಡರನ್ನೇ ಎತ್ತಿಕೊಂಡು ಹೋಗುತ್ತಾರೆ.

ಫಿಲ್ ಜಿಮ್ಮರ್‌ಮನ್ 1991ರಲ್ಲಿ ಪಿಜಿಪಿ ಎಂಬ ಎನ್‌ಕ್ರಿಪ್ಷನ್ ಪ್ರೋಗ್ರಾಮು ಬರೆದರು. ಅದರ ಕಡತಗಳ ರೂಪವನ್ನು ಓಪನ್‌ಪಿಜಿಪಿ ಎಂಬ ಹೆಸರಲ್ಲಿ 1998ರಲ್ಲಿ ಮಾನದಂಡವಾಗಿ ಬರೆದಿಡಲಾಯಿತು, 2007ರಲ್ಲಿ ಮತ್ತು 2024ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಒಂದು ಕೀಯನ್ನು ಹೊರಗೆ ಕಳಿಸುವಾಗ ಅದರ ಬೈಟ್‌ಗಳು ಯಾವ ಕ್ರಮದಲ್ಲಿರಬೇಕು ಅಂತ ಆ ಮಾನದಂಡ ಹೇಳುತ್ತದೆ. ಒಳಗೆ, ಅಂದರೆ ನಿಮ್ಮ ಡಿಸ್ಕಿನಲ್ಲಿ, ಪ್ರೋಗ್ರಾಮು ಅದನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ಹೇಳುವುದಿಲ್ಲ. ಅದು ಪ್ರೋಗ್ರಾಮಿನ ಸ್ವಂತ ವಿಷಯ. ಜಿಎನ್‌ಯು ಪ್ರೈವಸಿ ಗಾರ್ಡ್, ಎಲ್ಲರೂ ಜಿಪಿಜಿ ಅನ್ನುತ್ತಾರಲ್ಲ, ಈ ಮಾನದಂಡ ಪಾಲಿಸುವ ಪ್ರೋಗ್ರಾಮು, ಅದು ಮೊದಲು ಎಲ್ಲ ಪ್ರೈವೇಟ್ ಕೀಗಳನ್ನೂ ಒಂದೇ ಕಡತದಲ್ಲಿ ಇಡುತ್ತಿತ್ತು. 2014ರಲ್ಲಿ ಬಂದ 2.1 ಆವೃತ್ತಿಯಿಂದ ಒಂದೊಂದು ಕೀಗೂ ಒಂದೊಂದು ಕಡತ. ಆ ಕಡತದ ಹೆಸರು 40 ಅಕ್ಷರ ಉದ್ದ ಇರುತ್ತದೆ. ನಿಮ್ಮ ಕೀಯನ್ನು ಗುರುತಿಸಲು ಬಳಸುವ ಬೆರಳಚ್ಚು, ಅಂದರೆ ಫಿಂಗರ್‌ಪ್ರಿಂಟ್ ಕೂಡ ಸಾಮಾನ್ಯವಾಗಿ 40 ಅಕ್ಷರವೇ. ನೋಡಲು ಎರಡೂ ಒಂದೇ ಥರ, ಆದರೆ ಎರಡೂ ಬೇರೆ. ಬೆರಳಚ್ಚು ಹಿಡಿದುಕೊಂಡು ಆ ಫೋಲ್ಡರಿನಲ್ಲಿ ಹುಡುಕಿದವರಿಗೆ ಏನೂ ಸಿಗುವುದಿಲ್ಲ, ಕೀ ಹೋಯಿತು ಅಂತ ಗಾಬರಿಯಾಗುತ್ತಾರೆ. ಅದು ಅಲ್ಲೇ ಇರುತ್ತದೆ, ಬೇರೆ ಹೆಸರಲ್ಲಿ. ಸಾಮಾನ್ಯವಾಗಿ ನಿಮ್ಮ ಒಂದು ಕೀ ಒಳಗೆ ಸಹಿ ಹಾಕಲು ಒಂದು, ಮೇಲ್ ಬಿಡಿಸಲು ಒಂದು ಉಪ‑ಕೀ ಅಂತ ಎರಡಾದರೂ ಇರುವುದರಿಂದ ಕಡತಗಳೂ ಎರಡು ಮೂರು ಇರುತ್ತವೆ. ಒಂದನ್ನೇ ಕಾಪಿ ಮಾಡಿದರೆ ಸಹಿ ಹಾಕಬಹುದು, ಮೇಲ್ ಓದಲು ಆಗದೇ ಹೋಗಬಹುದು.

ಮೇಲ್ ಓದುವ ಪ್ರೋಗ್ರಾಮು ಥಂಡರ್‌ಬರ್ಡ್‌ನ ಕಥೆ ಇನ್ನೂ ಬೇರೆ. 2020ರ 78ನೇ ಆವೃತ್ತಿಯಿಂದ ಅದು ಕೀಗಳನ್ನು ತನ್ನ ಪ್ರೊಫೈಲ್ ಒಳಗೇ ಇಟ್ಟುಕೊಳ್ಳುತ್ತದೆ, ತಾನೇ ಹುಟ್ಟಿಸಿದ ಒಂದು ಪಾಸ್‌ವರ್ಡಿನಿಂದ ಬೀಗ ಹಾಕಿ. ಆ ಪಾಸ್‌ವರ್ಡ್ ಬೇರೆ ಕಡತದಲ್ಲಿರುತ್ತದೆ, ಅದಕ್ಕೂ ಒಂದು ಬೀಗ. ಕೀ ಇರುವ ಕಡತ ಒಂದನ್ನೇ ಹೊತ್ತುಕೊಂಡು ಹೋದರೆ ಏನೂ ಪ್ರಯೋಜನವಿಲ್ಲ.

ಹಾಗಾಗಿ ದಾರಿ ಇದು: ಪ್ರೋಗ್ರಾಮಿಗೇ ಹೇಳಿ ಎಕ್ಸ್‌ಪೋರ್ಟ್ ಮಾಡಿಸಿ. ಜಿಪಿಜಿಯಲ್ಲಿ ಸೀಕ್ರೆಟ್ ಕೀ ಎಕ್ಸ್‌ಪೋರ್ಟ್ ಮಾಡುವ ಆಜ್ಞೆ ಇದೆ. ಕೀಗಳನ್ನು ಮೆನುಗಳಿಂದ ನೋಡಿಕೊಳ್ಳುವ ಕ್ಲಿಯೋಪಾಟ್ರಾ ಎಂಬ ಪ್ರೋಗ್ರಾಮಿನಲ್ಲಿ, ಥಂಡರ್‌ಬರ್ಡಿನ ಕೀ ಮ್ಯಾನೇಜರಿನಲ್ಲಿ ಮೆನುವಿನಲ್ಲೇ ಸಿಗುತ್ತದೆ. ಮೆನುವಿನಲ್ಲಿ ಬರೀ ಎಕ್ಸ್‌ಪೋರ್ಟ್ ಅಂತ ಇದ್ದರೆ ಅದು ಪಬ್ಲಿಕ್ ಕೀ ಮಾತ್ರ ಕೊಡುವ ಸಾಧ್ಯತೆಯೇ ಜಾಸ್ತಿ. ಸೀಕ್ರೆಟ್ ಅಂತಲೋ ಬ್ಯಾಕಪ್ ಅಂತಲೋ ಇರುವುದನ್ನೇ ಹುಡುಕಿ.

ಬಂದ ಕಡತವನ್ನು ಒಂದು ಸಾದಾ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ನೋಡಿ, ಭಯ ಬೇಡ. ಮೊದಲ ಸಾಲಿನಲ್ಲಿ ಐದು ಅಡ್ಡಗೀಟು, ಬಿಗಿನ್ ಪಿಜಿಪಿ ಪ್ರೈವೇಟ್ ಕೀ ಬ್ಲಾಕ್ ಎಂಬ ಪದಗಳು, ಮತ್ತೆ ಐದು ಅಡ್ಡಗೀಟು. ಇಲ್ಲಿ ಪ್ರೈವೇಟ್ ಅನ್ನುವ ಜಾಗದಲ್ಲಿ ಪಬ್ಲಿಕ್ ಅಂತ ಇದ್ದರೆ ನೀವು ತಪ್ಪು ಕಡತ ತೆಗೆದಿದ್ದೀರಿ, ಹಳೆ ಕಂಪ್ಯೂಟರ್ ಇನ್ನೂ ಇರುವಾಗಲೇ ಗೊತ್ತಾಯಿತಲ್ಲ, ಒಳ್ಳೇದಾಯಿತು. ಆಮೇಲೆ ಒಂದು ಖಾಲಿ ಸಾಲು. ಅದು ಸುಮ್ನೆ ಅಂದಕ್ಕೆ ಬಿಟ್ಟದ್ದಲ್ಲ, ಶಿರೋಭಾಗ ಮುಗಿಯಿತು ಅನ್ನುವ ಗುರುತು, ಅಳಿಸಬೇಡಿ. ಅದರ ಕೆಳಗೆ ಸಾಲು ಸಾಲಾಗಿ ಅಕ್ಷರ, ಅಂಕಿ. ಬೈಟ್‌ಗಳನ್ನು 64 ಚಿಹ್ನೆಗಳಲ್ಲಿ ಬರೆದ ರೂಪ ಅದು. ಕೊನೆಗೆ ಎಷ್ಟೋ ಕಡತಗಳಲ್ಲಿ ಸಮ ಚಿಹ್ನೆಯಿಂದ ಶುರುವಾಗುವ ಪುಟ್ಟ ಸಾಲು ಇರುತ್ತದೆ, ದಾರಿಯಲ್ಲಿ ಏನಾದರೂ ಕೆಟ್ಟಿದೆಯಾ ಅಂತ ನೋಡಲು ಇಟ್ಟ ಲೆಕ್ಕ.

ಸಾಲು ಮುಗಿದ ಗುರುತನ್ನು ವಿಂಡೋಸ್ ಎರಡು ಬೈಟ್‌ಗಳಲ್ಲಿ, ಲಿನಕ್ಸ್ ಒಂದೇ ಬೈಟ್‌ನಲ್ಲಿ ಬರೆಯುತ್ತದೆ. ಕೀ ಓದುವ ಪ್ರೋಗ್ರಾಮುಗಳು ಅದಕ್ಕೆ ತಲೆಕೆಡಿಸಿಕೊಳ್ಳುವುದಿಲ್ಲ. ತೊಂದರೆ ಬರುವುದು ಬೇರೆ ಕಡೆಯಿಂದ. ವಿಂಡೋಸ್ ಜೊತೆಗೇ ಬರುವ ಪವರ್‌ಶೆಲ್ 5.1ರಲ್ಲಿ ಆಜ್ಞೆಯ ಕೊನೆಗೆ ಬಾಣದ ಚಿಹ್ನೆ (>) ಹಾಕಿ ಕೀಯನ್ನು ಕಡತಕ್ಕೆ ಬಿಟ್ಟರೆ, ಅದು ಯುಟಿಎಫ್‑16 ರೂಪದಲ್ಲಿ ಬರೆಯುತ್ತದೆ. ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾಗುವ ಕಡೆ ಎರಡು, ಶುರುವಿನಲ್ಲಿ ಗುರುತಿಗೆ ಇನ್ನೆರಡು. ಕಡತದ ಗಾತ್ರ ದುಪ್ಪಟ್ಟಾಗುತ್ತದೆ. ಎಡಿಟರಿನಲ್ಲಿ ತೆರೆದರೆ ಎಲ್ಲಾ ಸರಿಯಾಗೇ ಕಾಣುತ್ತದೆ, ಲಿನಕ್ಸ್‌ಗೆ ತಂದರೆ ಜಿಪಿಜಿ ಇದರಲ್ಲಿ ಕೀಯೇ ಇಲ್ಲ ಅನ್ನುತ್ತದೆ. ಕೀ ಇದೆ, ಬೈಟ್‌ಗಳ ನಡುವೆ ಸೊನ್ನೆಗಳು ಸೇರಿಕೊಂಡಿವೆ ಅಷ್ಟೇ. ಅದೇ ಕಡತವನ್ನು ಎಡಿಟರಿನಲ್ಲಿ ಯುಟಿಎಫ್‑8 ಆಗಿ, ಶುರುವಿನ ಗುರುತಿಲ್ಲದೆ, ಮತ್ತೆ ಉಳಿಸಿದರೆ ಸರಿಹೋಗುತ್ತದೆ. ಮೊದಲೇ ಜಿಪಿಜಿಯ ಔಟ್‌ಪುಟ್ ಆಯ್ಕೆ ಬಳಸಿದರೆ ಕಡತವನ್ನು ಅದೇ ನೇರವಾಗಿ ಬರೆಯುತ್ತದೆ, ಈ ತಾಪತ್ರಯವೇ ಇರುವುದಿಲ್ಲ.

ಹೊಸ ಕಂಪ್ಯೂಟರಿಗೆ ಇಂಪೋರ್ಟ್ ಆಯಿತು ಅನ್ನಿ. ಈಗ ನಿಮ್ಮದೇ ಕೀಯನ್ನು ತೋರಿಸಿ ಜಿಪಿಜಿ, ಇದು ಈ ವ್ಯಕ್ತಿಯದೇ ಅನ್ನುವುದಕ್ಕೆ ಭರವಸೆ ಇಲ್ಲ ಅಂತ ಎಚ್ಚರಿಸುತ್ತದೆ. ಏನೋ ಕೆಟ್ಟಿದೆ ಅಂದುಕೊಳ್ಳಬೇಡಿ. ಯಾವ ಕೀಯನ್ನು ನೀವು ಎಷ್ಟು ನಂಬುತ್ತೀರಿ ಅನ್ನುವುದನ್ನು ಅದು ಬೇರೆ ಕಡತದಲ್ಲಿ ಬರೆದುಕೊಂಡಿರುತ್ತದೆ, ಕೀ ಜೊತೆ ಅದು ಬರುವುದಿಲ್ಲ. ನಂಬಿಕೆಯ ಮಟ್ಟವನ್ನು ಮೆನುವಿನಲ್ಲಿ ಕೊನೆಯ ಹಂತಕ್ಕೆ, ಅಲ್ಟಿಮೇಟ್‌ಗೆ, ಏರಿಸಿದರೆ ಮುಗಿಯಿತು. ಹಳೆ ಮೇಲ್ ಓದಲಿಕ್ಕೆ ಇದೂ ಬೇಕಿಲ್ಲ. ಸ್ನೇಹಿತರ ಪಬ್ಲಿಕ್ ಕೀಗಳನ್ನು ಬೇರೆಯಾಗಿ ತರಬೇಕು, ಮರೆಯಬೇಡಿ.

ಪಾಸ್‌ಫ್ರೇಸ್, ಅಂದರೆ ಪ್ರೈವೇಟ್ ಕೀಗೇ ಹಾಕಿದ ಬೀಗದ ಉದ್ದನೆಯ ಪಾಸ್‌ವರ್ಡ್, ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಕನ್ನಡದಲ್ಲಿ ಪಾಸ್‌ಫ್ರೇಸ್ ಇಟ್ಟವರಿಗೆ ಇದು ನಿಜಕ್ಕೂ ಕಾಡಬಹುದು. ‘ಕೊ’ ಅನ್ನುವ ಅಕ್ಷರವನ್ನೇ ನೋಡಿ. ಯುನಿಕೋಡ್‌ನಲ್ಲಿ ಅದನ್ನು ‘ಕ’ ಮತ್ತು ಒತ್ವದ ಚಿಹ್ನೆ ಸೇರಿಸಿ ಬರೆಯಬಹುದು. ‘ಕ’, ಎತ್ವ, ಊತ್ವ ಅಂತ ಮೂರು ತುಂಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಬೈಟ್ ಲೆಕ್ಕದಲ್ಲಿ ಮೊದಲನೆಯದು ಆರು, ಎರಡನೆಯದು ಒಂಬತ್ತು. ಬೀಗ ತೆರೆಯುವ ಲೆಕ್ಕ ನೋಡುವುದು ಬೈಟ್‌ಗಳನ್ನು, ಅಕ್ಷರದ ಆಕಾರವನ್ನಲ್ಲ. ಹೊಸ ಕಂಪ್ಯೂಟರಿನ ಕೀಬೋರ್ಡ್ ವಿನ್ಯಾಸ ಇನ್ನೊಂದು ಕ್ರಮದಲ್ಲಿ ಬೈಟ್ ಕಳಿಸಿದರೆ, ನೀವು ಸರಿಯಾಗಿ ಟೈಪ್ ಮಾಡಿದ್ದರೂ ಪಾಸ್‌ಫ್ರೇಸ್ ತಪ್ಪು ಅಂತಲೇ ಉತ್ತರ ಬರಬಹುದು. ಸಾಗಿಸುವ ಮೊದಲು ಹಳೆ ಕಂಪ್ಯೂಟರಿನಲ್ಲೇ ಪಾಸ್‌ಫ್ರೇಸನ್ನು ಬರೀ ಸಣ್ಣ ಇಂಗ್ಲಿಷ್ ಅಕ್ಷರಗಳಿಗೆ ಬದಲಾಯಿಸಿ, ಉದ್ದವಾಗಿಯೇ ಇರಲಿ. ಎಲ್ಲಾ ಸರಿಯಾದ ಮೇಲೆ ಬೇಕಾದರೆ ಮತ್ತೆ ಬದಲಾಯಿಸಿಕೊಳ್ಳಿ.

ಮೇಲ್‌ಗೆ ಬೀಗ ಹಾಕುವ ಇನ್ನೊಂದು ಪದ್ಧತಿ, ಕಚೇರಿಗಳಲ್ಲಿ ಜಾಸ್ತಿ ಕಾಣುವ ಎಸ್‌/ಮೈಮ್ ಬಳಸುವವರಿಗೂ ಇಂಥದೇ ಒಂದು ಗೊಂದಲ ಇದೆ. ಅಲ್ಲಿ ಕೀ ಮತ್ತು ಅದು ಯಾರದ್ದು ಅಂತ ಹೇಳುವ ಪ್ರಮಾಣಪತ್ರ ಎರಡೂ ಸೇರಿ ಪಿಕೆಸಿಎಸ್‑12 ಎಂಬ ಒಂದೇ ಕಡತದಲ್ಲಿ ಸಾಗುತ್ತವೆ. ಇಂಥ ಕಡತ ಮಾಡಿಕೊಡುವ ಓಪನ್‌ಎಸ್‌ಎಸ್‌ಎಲ್ ಎಂಬ ಪ್ರೋಗ್ರಾಮಿನ 3.0 ಆವೃತ್ತಿ 2021ರಲ್ಲಿ ಬಂದಾಗ ಈ ಕಡತಕ್ಕೆ ಹಾಕುವ ಬೀಗವನ್ನು ಹೆಚ್ಚು ಗಟ್ಟಿ ಮಾಡಿತು. ಹಳೆಯ ಮ್ಯಾಕ್, ಹಳೆಯ ವಿಂಡೋಸ್‌ಗಳಿಗೆ ಆ ಹೊಸ ಬೀಗ ಅರ್ಥವಾಗುವುದಿಲ್ಲ, ಆದರೆ ಅವು ಹಾಗೆ ಹೇಳದೆ ಪಾಸ್‌ವರ್ಡ್ ತಪ್ಪು ಅನ್ನುತ್ತವೆ. ಲೆಗಸಿ ಆಯ್ಕೆ ಹಾಕಿ ಮತ್ತೆ ಎಕ್ಸ್‌ಪೋರ್ಟ್ ಮಾಡಿದರೆ ತೆರೆದುಕೊಳ್ಳುತ್ತದೆ. ಅವಧಿ ಮುಗಿದ ಹಳೆ ಪ್ರಮಾಣಪತ್ರಗಳನ್ನೂ, ಅವುಗಳ ಕೀಗಳನ್ನೂ ದಯವಿಟ್ಟು ಬಿಸಾಡಬೇಡಿ. ಅವಧಿ ಮುಗಿದದ್ದು ಹೊಸ ಮೇಲ್‌ಗೆ. ಆಗ ಬಂದ ಮೇಲ್ ಬಿಡಿಸಲು ಇವತ್ತಿಗೂ ಅದೇ ಕೀ ಬೇಕು. ಓಪನ್‌ಪಿಜಿಪಿಯ ಅವಧಿ ಮುಗಿದ ಉಪ‑ಕೀಗಳದ್ದೂ ಇದೇ ಕಥೆ.

ಕಡತವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಲು ಯುಎಸ್‌ಬಿ ಡ್ರೈವ್ ಸಾಕು. ನಿಮಗೆ ನೀವೇ ಮೇಲ್ ಮಾಡಿಕೊಳ್ಳಬೇಡಿ, ಕ್ಲೌಡ್ ಫೋಲ್ಡರಿಗೂ ಹಾಕಬೇಡಿ. ಆಗ ಕೀ ಮತ್ತು ಅದು ತೆರೆಯುವ ಮೇಲ್ ಎರಡೂ ಒಂದೇ ಸರ್ವರಿನಲ್ಲಿ ಕೂತು, ಮಧ್ಯೆ ಉಳಿಯುವುದು ಪಾಸ್‌ಫ್ರೇಸ್ ಒಂದೇ. ಫ್ಲಾಶ್ ಮೆಮೊರಿಯಲ್ಲಿ ಕಡತ ಅಳಿಸಿದರೂ ಅದರ ಬೈಟ್‌ಗಳು ಒಳಗೆಲ್ಲೋ ಉಳಿದಿರಬಹುದು, ಹಾಗಾಗಿ ಆ ಡ್ರೈವನ್ನು ಬೇರೆಯವರಿಗೆ ಕೊಡದೆ ಬ್ಯಾಕಪ್ ಅಂತಲೇ ಎತ್ತಿಡುವುದು ಮೇಲು.

ಆಮೇಲೆ ಎರಡೂ ಕಂಪ್ಯೂಟರ್ ಅಕ್ಕಪಕ್ಕ ಇಟ್ಟು ಬೆರಳಚ್ಚನ್ನು ಕೊನೆಯ ಅಕ್ಷರದವರೆಗೂ ಹೋಲಿಸಿ. ನಿಮ್ಮ ಅಂಚೆಪೆಟ್ಟಿಗೆಯಲ್ಲಿರುವ ಎನ್‌ಕ್ರಿಪ್ಟ್ ಆದ ಮೇಲ್‌ಗಳಲ್ಲಿ ತೀರಾ ಹಳೆಯದನ್ನು ಹುಡುಕಿ ಹೊಸ ಕಂಪ್ಯೂಟರಿನಲ್ಲಿ ತೆರೆಯಿರಿ. ಅದು ಓದಲು ಬರುವವರೆಗೂ ಹಳೆ ಡಿಸ್ಕನ್ನು ಮುಟ್ಟಬೇಡಿ.